ಮಿಲಿಟರಿ ಲಿಲಾವಿನ ಡೀಸೆಲ್ ಗಾಡಿ ಚಾಲೂ ಆಗುತ್ತಿಲ್ಲವೇ? ಪಂಪ್ ಇಳಿಸುವ ಮೊದಲು ಇಷ್ಟು ನೋಡಿ

ಮಳೆ ನಿಂತು ಕಬ್ಬಿನ ಸೀಸನ್ ಶುರುವಾಗುವ ಹೊತ್ತಿಗೆ ಎರಿ (ಕಪ್ಪು ಮಣ್ಣಿನ) ಹೊಲ ಇನ್ನೂ ಹಸಿಯಾಗಿಯೇ ಇರುತ್ತದೆ. ಸಾದಾ ಲಾರಿ ಹೂತುಕೊಳ್ಳುವ ಇಂಥ ಕಡೆ ಮುಂದಿನ ಗಾಲಿಯೂ ಎಳೆಯುವ ಹಳೆಯ ಮಿಲಿಟರಿ ಗಾಡಿ ಹೊರಗೆ ಬರುತ್ತದೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್, ಟಾಟಾದ ಎಲ್‌ಪಿಟಿಎ 713, ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಅಂಥವು. ಎಂಜಿನ್ ಗಟ್ಟಿ, ಚಾಸಿ ಗಟ್ಟಿ. ಆದರೆ ಲಿಲಾವಿಗೆ (ಹರಾಜಿಗೆ) ಬರುವ ಮೊದಲು ಈ ಗಾಡಿಗಳು ಬಯಲಲ್ಲಿ ಬಹಳ ಕಾಲ ನಿಂತಿರುತ್ತವೆ. ಕೊಂಡ ಮೇಲೂ ಜೂನ್‌ನಿಂದ ಅಕ್ಟೋಬರ್‌ವರೆಗೆ ನಿಂತೇ ಇರುತ್ತವೆ. ಚಾಲೂ ಆಗದಿರುವ ತೊಂದರೆ ಬಹುಪಾಲು ಹುಟ್ಟುವುದು ಈ ನಿಲುಗಡೆಯಲ್ಲಿ, ಓಡಿ ಸವೆದದ್ದರಿಂದಲ್ಲ.

ಗಾಡಿ ಚಾಲೂ ಆಗದಿದ್ದರೆ ಮೊದಲು ಕೇಳಿಬರುವ ಮಾತು ‘ಪಂಪ್ ಹೋಗಿದೆ’ ಎಂಬುದು, ಅಂದರೆ ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪ್. ಪಂಪ್ ಇಳಿಸಿ ಕ್ಯಾಲಿಬ್ರೇಶನ್‌ಗೆ ಕಳಿಸಿದರೆ ದುಡ್ಡೂ ಹೋಗುತ್ತದೆ, ಸೀಸನ್ನಿನ ವಾರವೂ ಹೋಗುತ್ತದೆ. ಮರಳಿ ಕೂರಿಸುವಾಗ ಟೈಮಿಂಗ್ ತಪ್ಪಿದರೆ ಇಲ್ಲದ ತೊಂದರೆಯೂ ಬಂದು ಸೇರುತ್ತದೆ. ಆದ್ದರಿಂದ ಪಂಪ್ ಮುಟ್ಟುವುದು ಕೊನೆಗೆ. ಬ್ಯಾಟರಿ, ಅರ್ತ್ (ಬ್ಯಾಟರಿಯ ಮೈನಸ್‌ನಿಂದ ಚಾಸಿಗೆ, ಎಂಜಿನ್ನಿಗೆ ಹೋಗುವ ಜೋಡಣೆ), ಸ್ಟಾಪ್ ವಾಯರ್ (ಎಂಜಿನ್ ನಿಲ್ಲಿಸಲು ಕ್ಯಾಬಿನಿನಿಂದ ಎಳೆಯುವ ತಂತಿ), ಡೀಸೆಲ್ ಲೈನಿನ ಏರ್ (ಒಳಗೆ ಸಿಕ್ಕಿದ ಗಾಳಿ): ಇದೇ ಕ್ರಮದಲ್ಲಿ ನೋಡುತ್ತ ಹೋಗಿ. ಒಂದು ಮೆಟ್ಟಿಲು ಸರಿ ಇದೆ ಎಂದು ಅಳೆದು ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗಿ.

ಕೈಯಲ್ಲಿ ಇರಬೇಕಾದದ್ದು

ಒಂದು ಮಲ್ಟಿಮೀಟರ್, ಬ್ಯಾಟರಿಯ ಆ್ಯಸಿಡ್ ಅಳೆಯುವ ಹೈಡ್ರೋಮೀಟರ್, 10ರಿಂದ 24ರವರೆಗಿನ ಪಾನಾ ಸೆಟ್, ತಂತಿ ಬ್ರಶ್, ಎಮರಿ ಪೇಪರ್, ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಎರಡು ಮೀಟರ್, ಐದು ಲೀಟರ್‌ನ ಸ್ವಚ್ಛ ಕ್ಯಾನ್, ತಾಮ್ರದ ವಾಶರ್ ಒಂದು ಡಜನ್, ಎರಡು ಫಿಲ್ಟರ್, ಅವುಗಳ ರಬ್ಬರ್ ರಿಂಗ್. ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಕೈಯಲ್ಲಿ ಉಂಗುರ, ಕಡಗ, ಲೋಹದ ವಾಚ್ ಇದ್ದರೆ ತೆಗೆದಿಡಿ. 24 ವೋಲ್ಟ್ ಬ್ಯಾಟರಿಯ ಎರಡು ತುದಿಗೆ ಉಂಗುರ ತಾಗಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಂಪಗೆ ಕಾಯ್ದು ಬೆರಳು ಸುಟ್ಟುಬಿಡುತ್ತದೆ.

ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲು ಕೀಲಿ ಹಾಕಬೇಡಿ

ಲಿಲಾವಿನಿಂದ ಈಗಷ್ಟೇ ಬಂದ ಗಾಡಿಯಾದರೆ ಹೊಸ ಬ್ಯಾಟರಿ ಜೋಡಿಸಿ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆಯುವ ಆಸೆಯನ್ನು ಒಂದು ದಿನ ತಡೆಯಿರಿ. ಸೈಲೆನ್ಸರ್ ಬಾಯಿಂದ ಮಳೆನೀರು ಒಳಗೆ ಇಳಿದಿರಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಮಟ್ಟ ಮೇಲಿನ ಗುರುತಿಗಿಂತ ಹೆಚ್ಚಿದ್ದು ಡೀಸೆಲ್ ವಾಸನೆ ಬಂದರೆ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಅಥವಾ ಇಂಜೆಕ್ಷನ್ ಪಂಪಿನಿಂದ ಒಳಗೆ ಸೋರಿದೆ. ಎರಡರಲ್ಲಿ ಯಾವುದೇ ಆಗಿದ್ದರೂ, ಆಯಿಲ್ ಬದಲಿಸದೆ ಮುಂದೆ ಹೋಗಬೇಡಿ.

ನಂತರ ಇಂಜೆಕ್ಟರ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ 10ರಿಂದ 15 ಮಿಲಿ ಎಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಕೊಟ್ಟು ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಹಿಂದಕ್ಕೆ ಸ್ವಲ್ಪ ತಂದು ಮತ್ತೆ ನೋಡಿ. ಸಲೀಸಾಗಿ ತಿರುಗಿದರೆ ಇಂಜೆಕ್ಟರ್ ರಂಧ್ರಗಳ ಮೇಲೆ ಬಟ್ಟೆ ಹಾಸಿ ಸೆಲ್ಫ್ ಹೊಡೆದು, ಉಳಿದ ಆಯಿಲ್ ಮತ್ತು ನೀರನ್ನು ಹೊರಗೆ ಹಾರಿಸಿ. ಆಗ ಮುಖ ರಂಧ್ರಗಳ ನೇರಕ್ಕೆ ಇರಬಾರದು. ಇಂಜೆಕ್ಟರ್ ಮರಳಿ ಕೂರಿಸುವಾಗ ಕೆಳಗಿನ ತಾಮ್ರದ ವಾಶರ್ ಹೊಸದೇ ಇರಲಿ. ಆಮೇಲೆ ಸ್ಟಾಪ್ ವಾಯರ್ ಎಳೆದಿಟ್ಟು ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವವರೆಗೆ ಹತ್ತು ಹತ್ತು ಸೆಕೆಂಡಿನಂತೆ ತಿರುಗಿಸಿ. ಬೇರಿಂಗ್‌ಗಳಿಗೆ ಆಯಿಲ್ ತಲುಪಿದ ಮೇಲೆಯೇ ಡೀಸೆಲ್ ವಿಚಾರ.

ಸೆಲ್ಫ್ ಹೊಡೆದಾಗ ಏನಾಗುತ್ತದೆ?

ತೊಂದರೆ ಎಲ್ಲಿದೆ ಎಂದು ಗಾಡಿಯೇ ಹೇಳುತ್ತದೆ. ‘ಟಕ್’ ಎಂದು ನಿಂತರೆ ಅಥವಾ ಸದ್ದೇ ಇಲ್ಲದಿದ್ದರೆ ಕರೆಂಟಿನ ಹಾದಿ ನೋಡಬೇಕು. ತೂಕಡಿಸಿದಂತೆ ನಿಧಾನ ತಿರುಗಿದರೂ ಅದೇ. ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ ಡೀಸೆಲ್ ಹಾದಿ. ಚಾಲೂ ಆಗಿ ಒಂದೆರಡು ನಿಮಿಷಕ್ಕೆ ಆರಿಹೋದರೆ ಬಹುಪಾಲು ಏರ್, ಇಲ್ಲವೇ ಟ್ಯಾಂಕಿನ ಕಸ. ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫಿನ ಆರ್ಮೇಚರ್ ಕಾಯ್ದು ಬೆಸುಗೆ ಬಿಡುತ್ತದೆ.

24 ವೋಲ್ಟಿನ ಲೆಕ್ಕ

ಈ ಗಾಡಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತವೆ. ಎರಡನ್ನೂ ಬೇರೆ ಬೇರೆ ಅಳೆಯಬೇಕು, ಒಟ್ಟು ಅಳತೆ ಮೋಸ ಮಾಡುತ್ತದೆ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಒಂದೊಂದರಲ್ಲೂ 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ, 11.9 ಅಂದರೆ ಖಾಲಿ. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 19 ವೋಲ್ಟಿಗಿಂತ ಕೆಳಗೆ ಬೀಳಬಾರದು. ಒಂದು ಬ್ಯಾಟರಿ 10ರಲ್ಲಿ ನಿಂತು ಇನ್ನೊಂದು 7ಕ್ಕೆ ಕುಸಿದರೆ ಕುಸಿದದ್ದೇ ಕಳ್ಳ. ಹೈಡ್ರೋಮೀಟರಿನಲ್ಲಿ ಆರೂ ಸೆಲ್ ನೋಡಿ. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಕಡಿಮೆ ತೋರಿಸಿದರೆ ಆ ಬ್ಯಾಟರಿ ಚಾರ್ಜ್ ಮಾಡಿದರೂ ನಿಲ್ಲುವುದಿಲ್ಲ.

ನಮ್ಮ ಕಡೆ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಟೇಪು, ಹಾರ್ನು, ಬಣ್ಣದ ದೀಪ ಎಲ್ಲ 12 ವೋಲ್ಟಿನವು. ಅವುಗಳಿಗೆ ಒಂದೇ ಬ್ಯಾಟರಿಯಿಂದ ವಾಯರ್ ಎಳೆಯುತ್ತಾರೆ. ಆ ಬ್ಯಾಟರಿ ದಿನವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಆರೇ ತಿಂಗಳಿಗೆ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿ. ಬ್ಯಾಟರಿ ಬದಲಿಸುವಾಗಲೂ ಜೋಡಿಯಾಗಿಯೇ ಬದಲಿಸಿ. ಕಂಪನಿ, ಎಎಚ್ (ಆ್ಯಂಪಿಯರ್-ಅವರ್ ಸಾಮರ್ಥ್ಯ), ತಯಾರಾದ ತಿಂಗಳು ಎಲ್ಲ ಒಂದೇ ಇರಲಿ.

ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟ್. ಅದರಿಂದ ಈ ಗಾಡಿಯ ಎರಡು ತುದಿಗೆ ನೇರ ಕೇಬಲ್ ಕೊಡಬಾರದು. 24 ವೋಲ್ಟಿನ ಇನ್ನೊಂದು ಲಾರಿಯಿಂದ ಮಾತ್ರ ಕೊಡಿ. ಅರ್ತ್ ಕಡೆಯ ಕೊನೆಯ ಕ್ಲಿಪ್ಪನ್ನು ಬ್ಯಾಟರಿಗೆ ಹಚ್ಚದೆ ದೂರದ ಎಂಜಿನ್ ಬ್ಲಾಕಿಗೆ ಹಚ್ಚಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ, ಕಿಡಿ ಬಿದ್ದರೆ ಬ್ಯಾಟರಿ ಒಡೆದು ಆ್ಯಸಿಡ್ ಮುಖಕ್ಕೆ ಹಾರುತ್ತದೆ.

ಬಣ್ಣದ ಕೆಳಗೆ ಅಡಗಿದ ಅರ್ತ್

ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ರಕ್ಷಣಾ ಇಲಾಖೆಯದಲ್ಲದ ಯಾವ ಗಾಡಿಗೂ ಆಲಿವ್ ಹಸಿರು ಬಣ್ಣ ಇರಕೂಡದು. ಹಾಗಾಗಿ ಕೊಂಡವರು ಮೊದಲು ಮಾಡಿಸುವ ಕೆಲಸವೇ ಪೇಂಟಿಂಗ್. ಪೇಂಟರ್ ಅರ್ತ್ ಪಟ್ಟಿ ಬಿಚ್ಚಿ ಚಾಸಿಗೆ ಎರಡು ಕೋಟ್ ಹೊಡೆದು ಪಟ್ಟಿಯನ್ನು ಬಣ್ಣದ ಮೇಲೆಯೇ ಬಿಗಿಯುತ್ತಾನೆ. ದೀಪ ಉರಿಯಲು ಬೇಕಾದ ಸಣ್ಣ ಕರೆಂಟ್ ಬೋಲ್ಟಿನ ಹಲ್ಲಿನಿಂದಲೇ ಹಾಯುತ್ತದೆ, ಆದ್ದರಿಂದ ಎಲ್ಲ ಸರಿ ಇದೆ ಅನ್ನಿಸುತ್ತದೆ. ಸೆಲ್ಫಿಗೆ ಬೇಕಾದ ನೂರಾರು ಆ್ಯಂಪಿಯರ್ ಹಾಯುವುದಿಲ್ಲ. ಹೊಸ ಬ್ಯಾಟರಿ ಹಾಕಿದರೂ ಎಂಜಿನ್ ತೂಕಡಿಸುತ್ತದೆ.

ಇದನ್ನು ಹಿಡಿಯುವುದು ಸುಲಭ. ಸ್ಟಾಪ್ ವಾಯರ್ ಎಳೆದಿಡಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಸೀಸದ ಗುಂಡಿಗೆ, ಇನ್ನೊಂದು ತುದಿ ಸೆಲ್ಫಿನ ಮೈಗೆ ಹಿಡಿದು ಜೊತೆಗಾರರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಸರಿ. ಎರಡು, ಮೂರು ವೋಲ್ಟ್ ಬಂದರೆ ಅಷ್ಟೂ ಬಲ ದಾರಿಯಲ್ಲೇ ಸುಟ್ಟುಹೋಗುತ್ತಿದೆ. ಪ್ಲಸ್ ಕಡೆಯೂ ಹೀಗೆಯೇ: ಬ್ಯಾಟರಿಯ ಪ್ಲಸ್ ಗುಂಡಿಯಿಂದ ಸೆಲ್ಫಿನ ದೊಡ್ಡ ಬೋಲ್ಟಿನವರೆಗೆ, ಮಾಸ್ಟರ್ ಸ್ವಿಚ್ಚೂ ಸೇರಿ, ಒಂದು ವೋಲ್ಟ್ ಮೀರಬಾರದು. ಮೀರಿದರೆ ಒಂದೊಂದೇ ಜೋಡಣೆಯನ್ನು ದಾಟಿಸಿ ಅಳೆಯಿರಿ. ಮಾಸ್ಟರ್ ಸ್ವಿಚ್ಚಿನ ಒಳಗಿನ ತಾಮ್ರ ಹಸಿರು ಕಟ್ಟಿ ಕುಳಿತಿರುವುದು ಸಾಮಾನ್ಯ.

ಅರ್ತ್ ಪಟ್ಟಿ ಎರಡಿರಬೇಕು, ಬ್ಯಾಟರಿಯಿಂದ ಚಾಸಿಗೆ ಒಂದು, ಚಾಸಿಯಿಂದ ಎಂಜಿನ್ನಿಗೆ ಒಂದು. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಎರಡನೆಯದು ಇಲ್ಲದಿದ್ದರೆ ಕರೆಂಟ್ ಆ್ಯಕ್ಸಿಲರೇಟರ್ ಕೇಬಲ್ ಹಿಡಿದು ಹೋಗುತ್ತದೆ, ಕೇಬಲ್ ಹೊಗೆಯಾಡುತ್ತದೆ. ಕೂರುವ ಜಾಗವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಎಮರಿಯಿಂದ ಉಜ್ಜಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಬ್ಯಾಟರಿ ಗುಂಡಿಯ ಬಿಳಿ ಪುಡಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕರಗಿಸಿ ತೊಳೆಯಿರಿ, ನೀರು ಸೆಲ್ಲಿನ ಒಳಗೆ ಇಳಿಯದಂತೆ ಮುಚ್ಚಳ ಬಿಗಿ ಇರಲಿ. ಕೇಬಲ್ ಬದಲಿಸುವುದಿದ್ದರೆ 50ರಿಂದ 70 ಚದರ ಮಿಲಿಮೀಟರ್ ಶುದ್ಧ ತಾಮ್ರದ್ದೇ ಕೇಳಿ.

ಇಷ್ಟೆಲ್ಲ ಸರಿಯಿದ್ದು, ಸೆಲ್ಫಿನ ಬೋಲ್ಟಿನಲ್ಲಿ 20 ವೋಲ್ಟ್ ಸಿಕ್ಕರೂ ತಿರುಗದಿದ್ದರೆ ಆಗ ಸೆಲ್ಫ್ ಇಳಿಸಿ: ಕಾರ್ಬನ್ ಬ್ರಶ್, ಬುಶ್, ಸೊಲೆನಾಯ್ಡಿನ ತಾಮ್ರದ ಬಿಲ್ಲೆ. ಸೆಲ್ಫ್ ಕಚ್ಚದೆ ಕೊರೆಯುವ ಸದ್ದು ಬಂದರೆ ಎಂಜಿನ್ನನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಆಗ ಕಚ್ಚಿದರೆ ತಪ್ಪು ಫ್ಲೈವ್ಹೀಲಿನ ರಿಂಗ್ ಗೇರಿನದು. ಆರು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಮೂರೇ ಜಾಗದಲ್ಲಿ ನಿಲ್ಲುತ್ತದೆ, ಹಲ್ಲು ಸವೆಯುವುದೂ ಆ ಮೂರು ಜಾಗದಲ್ಲೇ.

ಚುರುಕಾಗಿ ತಿರುಗಿದರೂ ಚಾಲೂ ಇಲ್ಲ: ಸೈಲೆನ್ಸರ್ ನೋಡಿ

ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ. ಏರ್ ಕ್ಲೀನರ್ ಬಿಚ್ಚಿ ನೋಡಿ. ಆಯಿಲ್ ಬಾತ್ ಕ್ಲೀನರಿನ ಬಟ್ಟಲಲ್ಲಿ ಕಬ್ಬಿನ ರವದಿಯ (ಒಣ ಎಲೆಯ) ಪುಡಿ ಮತ್ತು ಎರಿ ಧೂಳು ಸೇರಿ ಕೆಸರಾಗಿರುತ್ತದೆ, ನಿಂತ ಗಾಡಿಯಾದರೆ ಇಲಿ ಗೂಡೂ ಇರಬಹುದು. ಡೀಸೆಲ್‌ನಲ್ಲಿ ತೊಳೆದು ಗುರುತಿನವರೆಗೆ ಹೊಸ ಆಯಿಲ್ ಹಾಕಿದರೆ ಆ ಕೆಲಸ ಮುಗಿಯಿತು.

ಹೊಗೆಯೇ ಇಲ್ಲದಿದ್ದರೆ ಪಾನಾ ಎತ್ತುವ ಮೊದಲು ಇಂಜೆಕ್ಷನ್ ಪಂಪಿನ ಸ್ಟಾಪ್ ಲಿವರ್ ನೋಡಿ. ಮಳೆಗಾಲದಲ್ಲಿ ಸ್ಟಾಪ್ ವಾಯರ್ ಒಳಗೇ ತುಕ್ಕು ಹಿಡಿದು, ಕ್ಯಾಬಿನಿನಲ್ಲಿ ಗುಂಡಿ ಒಳಗೆ ಹೋದರೂ ಲಿವರ್ ‘ಸ್ಟಾಪ್’ನಲ್ಲೇ ಉಳಿದಿರುತ್ತದೆ. ಅಥವಾ ಲಿವರಿನ ಸ್ಪ್ರಿಂಗ್ ಮುರಿದಿರುತ್ತದೆ. ವಾಯರ್ ಬಿಚ್ಚಿ ಲಿವರನ್ನು ಕೈಯಿಂದ ‘ರನ್’ ಕಡೆಗೆ ತಳ್ಳಿ ಸೆಲ್ಫ್ ಹೊಡೆಯಿರಿ. ಪಂಪ್ ಹೋಗಿದೆ ಎಂದು ಇಳಿಸಬೇಕಿದ್ದ ಎಷ್ಟೋ ಗಾಡಿ ಇಲ್ಲಿಗೇ ಚಾಲೂ ಆಗುತ್ತವೆ.

ಲಿವರ್ ಸರಿಯಿದ್ದೂ ಡೀಸೆಲ್ ಹೋಗದಿದ್ದರೆ ಪಂಪಿನ ಪಕ್ಕದ ತಗಡಿನ ಕವರ್ ತೆಗೆಯಿರಿ. ಸುತ್ತ ಮೊದಲು ಬ್ರಶ್ಶಿನಿಂದ ಸ್ವಚ್ಛ ಮಾಡಿ, ಒಂದು ಕಣ ಧೂಳೂ ಒಳಗೆ ಬೀಳಬಾರದು. ಒಳಗೆ ಕಾಣುವ, ಡೀಸೆಲ್ ಹೆಚ್ಚು-ಕಡಿಮೆ ಮಾಡುವ ಹಲ್ಲಿನ ಪಟ್ಟಿಯೇ ರ್‍ಯಾಕ್. ಬೆರಳಿನಿಂದ ತಳ್ಳಿದರೆ ಅದು ಸಲೀಸಾಗಿ ಜಾರಬೇಕು. ಹಳೆಯ ಡೀಸೆಲ್ ಅಂಟಾಗಿ ರ್‍ಯಾಕ್ ಹಿಡಿದಿದ್ದರೆ ಸ್ವಚ್ಛ ಡೀಸೆಲ್ ಮತ್ತು ತೆಳು ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮೆಲ್ಲಗೆ ಆಡಿಸಿ. ಸುತ್ತಿಗೆ, ಸ್ಕ್ರೂಡ್ರೈವರಿನ ಬಲ ಇಲ್ಲಿ ಬೇಡವೇ ಬೇಡ.

ಏರ್ ತೆಗೆಯುವ ಕ್ರಮ

ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪಿಗೆ, ಅಲ್ಲಿಂದ ಎರಡು ಫಿಲ್ಟರಿಗೆ, ಅಲ್ಲಿಂದ ಇಂಜೆಕ್ಷನ್ ಪಂಪಿಗೆ, ಕೊನೆಗೆ ಇಂಜೆಕ್ಟರಿಗೆ ಹೋಗುತ್ತದೆ. ಏರ್ ತೆಗೆಯುವುದೂ ಇದೇ ಕ್ರಮದಲ್ಲಿ. ಹಿಂದುಮುಂದಾದರೆ ತೆಗೆದ ಏರ್ ಮತ್ತೆ ಮುಂದಕ್ಕೆ ಬರುತ್ತದೆ.

1. ಟ್ಯಾಂಕಿನ ಕೆಳಗಿನ ಪ್ಲಗ್ ಸಡಿಲಿಸಿ ಒಂದು ಲೀಟರ್ ಡೀಸೆಲನ್ನು ಗಾಜಿನ ಬಾಟಲಿಗೆ ಬಿಡಿ. ಅರ್ಧ ತಾಸು ಬಿಟ್ಟರೆ ನೀರು ತಳಕ್ಕೆ ಕೂರುತ್ತದೆ. ನೀರು ಕಂಡರೆ ಅದು ನಿಲ್ಲುವವರೆಗೆ ಬಿಡಿ, ನಂತರ ಟ್ಯಾಂಕಿಗೆ ಕನಿಷ್ಠ 30 ಲೀಟರ್ ಹೊಸ ಡೀಸೆಲ್ ಹಾಕಿ.

2. ಫೀಡ್ ಪಂಪಿನ ಬಾಯಲ್ಲಿರುವ ಜಾಲರಿ ತೊಳೆಯಿರಿ. ಮೊದಲ ಫಿಲ್ಟರ್ ಬಟ್ಟೆಯದಾದರೆ ಡೀಸೆಲ್‌ನಲ್ಲಿ ತೊಳೆಯಬಹುದು. ಎರಡನೆಯ ಕಾಗದದ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಿಸಿ. ಬಟ್ಟಲಿನ ರಬ್ಬರ್ ರಿಂಗ್ ಹೊಸದೇ ಹಾಕಿ. ಹಳೆಯದು ನೋಡಲು ಚೆನ್ನಾಗಿದ್ದರೂ ಚಪ್ಪಟೆಯಾಗಿರುತ್ತದೆ.

3. ಮೊದಲ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪ್ರೈಮರ್ (ಡೀಸೆಲ್ ಮುಂದಕ್ಕೆ ತಳ್ಳುವ ಕೈಪಂಪ್) ಒತ್ತಿ. ಮೊದಲು ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಎರಡನೆಯ ಫಿಲ್ಟರಿಗೂ ಹಾಗೆಯೇ.

4. ಇಂಜೆಕ್ಷನ್ ಪಂಪಿನ ಮೈಮೇಲಿನ ಏರ್ ಸ್ಕ್ರೂ ಸಡಿಲಿಸಿ ಅದೇ ಕೆಲಸ ಮಾಡಿ. ಇಲ್ಲಿ ತಾಳ್ಮೆ ಬೇಕು, ನೂರು ಸಲ ಒತ್ತಬೇಕಾದರೂ ಒತ್ತಿ. ಮುಗಿದ ಮೇಲೆ ಪ್ರೈಮರ್ ಹಿಡಿಯನ್ನು ಒಳಗೆ ತಿರುಗಿಸಿ ಬಿಗಿಯಲು ಮರೆಯಬೇಡಿ, ಅದರ ಬುಡದಿಂದಲೇ ಏರ್ ಒಳಗೆ ಬರುತ್ತದೆ.

5. ಇಂಜೆಕ್ಟರ್ ಕಡೆಯ ಪೈಪ್ ನಟ್ಟುಗಳಲ್ಲಿ ಮೂರನ್ನು ಒಂದೊಂದು ಸುತ್ತು ಸಡಿಲಿಸಿ. ಹೆಚ್ಚಿನ ಗಾಡಿಗೆ 17 ಅಥವಾ 19ರ ಪಾನಾ ಹಿಡಿಯುತ್ತದೆ. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಡೀಸೆಲ್ ತಟಕ್ ತಟಕ್ ಎಂದು ಚಿಮ್ಮಿದ ಮೇಲೆ ನಟ್ ಬಿಗಿಯಿರಿ. ಪಂಪಿನ ತುದಿಯಲ್ಲಿ ಬಿಗಿಯುವುದಿದ್ದರೆ ಎರಡು ಪಾನಾ ಬಳಸಿ, ಕೆಳಗಿನ ಡೆಲಿವರಿ ಹೋಲ್ಡರ್ ಜೊತೆಗೆ ತಿರುಗಬಾರದು.

ಇಂಜೆಕ್ಟರ್ ಬಾಯಿಂದ ಅಥವಾ ಬಿರುಕು ಬಿಟ್ಟ ಪೈಪಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಅದು ಚರ್ಮ ತೂರಿ ಒಳಗೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಬೆರಳು ಕೊಳೆಯುತ್ತದೆ. ಹಾಗಾದರೆ ಕಾಯದೆ ಆ ತಾಸಿನಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒತ್ತಡದಿಂದ ಚುಚ್ಚಿದ್ದು ಎಂದು ಸ್ಪಷ್ಟವಾಗಿ ಹೇಳಿ.

ದಿನವೂ ಏರ್ ಹಿಡಿದರೆ

ಇಂದು ತೆಗೆದ ಏರ್ ನಾಳೆ ಮತ್ತೆ ಬಂದರೆ ಎಲ್ಲೋ ತೂತಿದೆ. ಫೀಡ್ ಪಂಪಿನಿಂದ ಮುಂದೆ ತೂತಿದ್ದರೆ ಗಾಡಿ ಓಡುವಾಗ ಡೀಸೆಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್ ಡೀಸೆಲ್ ಹೀರುವ ಕಡೆ. ಅಲ್ಲಿ ತೂತಿದ್ದರೆ ಹನಿ ಡೀಸೆಲೂ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ್ದರಿಂದ ಸರಿಯಿದೆ ಎಂದುಕೊಂಡು ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ಪರೀಕ್ಷೆ ಹೀಗಿದೆ. ಸ್ವಚ್ಛ ಡೀಸೆಲಿನ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ, ಬಿಸಿ ಸೈಲೆನ್ಸರಿನಿಂದ ದೂರ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರ ಫೀಡ್ ಪಂಪಿನ ಬಾಯಿಗೆ ಕೊಡಿ. ಏರ್ ತೆಗೆದು ಚಾಲೂ ಮಾಡಿ. ಗಾಡಿ ಅರ್ಧ ತಾಸು ನಿಲ್ಲದೆ ಓಡಿದರೆ ಫೀಡ್ ಪಂಪಿನಿಂದ ಮುಂದೆ ಎಲ್ಲ ಸರಿ, ತಪ್ಪು ಹಿಂದಿನ ಪೈಪಿನಲ್ಲಿದೆ ಅಥವಾ ಟ್ಯಾಂಕಿನಲ್ಲಿದೆ. ರಬ್ಬರ್ ಪೈಪಿನ ಸೀಳು, ಬೆಂಜೋ ಬೋಲ್ಟಿನ (ಪೈಪ್ ಜೋಡಿಸುವ ತೂತಿನ ಬೋಲ್ಟ್) ಹಳೆಯ ವಾಶರ್, ಟ್ಯಾಂಕಿನ ಒಳಗೆ ಹೀರುವ ಕೊಳವೆಗೆ ತುಕ್ಕು ತಿಂದ ತೂತು, ಹೀಗೆ ಒಂದೊಂದೇ ನೋಡಿ. ತಾಮ್ರದ ವಾಶರ್ ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ. ನಳದ ಕೆಲಸದವರು ಸುತ್ತುವ ಬಿಳಿ ಟೇಪನ್ನು ಡೀಸೆಲ್ ಜೋಡಣೆಗೆ ಸುತ್ತಬೇಡಿ, ಎಳೆ ಹರಿದು ಪಂಪಿಗೆ ಹೋಗುತ್ತದೆ.

ಕ್ಯಾನಿನಿಂದ ಓಡುವ, ಟ್ಯಾಂಕಿನಿಂದ ಓಡದ ಗಾಡಿಯಲ್ಲಿ ಟ್ಯಾಂಕಿನ ಮುಚ್ಚಳವನ್ನೂ ತೆಗೆದು ನೋಡಿ. ‘ಸುಸ್’ ಎಂದು ಗಾಳಿ ಎಳೆದರೆ ಉಸಿರು ರಂಧ್ರ ಧೂಳಿನಿಂದ ಮುಚ್ಚಿದೆ. ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಡೀಸೆಲ್ ಬರುವುದು ನಿಲ್ಲುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ತಾನೇ ಚಾಲೂ ಆಗುತ್ತದೆ. ಒಂದು ಸಣ್ಣ ತಂತಿಯ ಕೆಲಸ.

ಹಗಲೆಲ್ಲ ಅರ್ಧ ಸುತ್ತಿಗೆ ಚಾಲೂ, ಬೆಳಿಗ್ಗೆ ಮಾತ್ರ ಹಟ ಎಂದಾದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಮರಳಿ ಇಳಿಯುತ್ತಿದೆ. ಬೆಳಿಗ್ಗೆ ಕೀಲಿ ಹಾಕುವ ಮೊದಲು ಪ್ರೈಮರ್ 20-30 ಸಲ ಒತ್ತಿ ನೋಡಿ. ಆಗ ತಕ್ಷಣ ಚಾಲೂ ಆದರೆ ಫೀಡ್ ಪಂಪಿನ ಒಳಗಿನ ಎರಡು ವಾಲ್ವ್ ಮತ್ತು ಸ್ಪ್ರಿಂಗ್ ಸ್ವಚ್ಛ ಮಾಡಿ ಅಥವಾ ಕಿಟ್ ಬದಲಿಸಿ.

ಬಿಳಿ ಹೊಗೆ

ಬೆಳಗಾವಿಯ ಡಿಸೆಂಬರ್ ಬೆಳಗಿನ ಚಳಿಯನ್ನು ದೂರಬೇಡಿ. 12-14 ಡಿಗ್ರಿ ಸೆಲ್ಸಿಯಸ್‌ಗೆ ಸರಿಯಾದ ಡೀಸೆಲ್ ಎಂಜಿನ್ ಹೀಟರ್ ಇಲ್ಲದೆಯೂ ಚಾಲೂ ಆಗಬೇಕು. ಬಿಳಿ ಹೊಗೆ ಬಂದರೆ ಮೊದಲು ತಿರುಗುವ ವೇಗ ನೋಡಿ. ನಿಮಿಷಕ್ಕೆ 100 ಸುತ್ತಿಗಿಂತ ಕಡಿಮೆಯಾದರೆ ಒತ್ತಿದ ಗಾಳಿಯ ಕಾವು ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ, ಮತ್ತೆ ಬ್ಯಾಟರಿ ಮತ್ತು ಅರ್ತಿಗೇ ಬಂದಂತೆ. ವೇಗ ಸರಿಯಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ನೋಡಿ. ಗ್ಯಾಪ್ ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಹೋಗುತ್ತದೆ. ಅಳತೆ ಆಯಾ ಎಂಜಿನ್ನಿನ ಪುಸ್ತಕದಲ್ಲಿದ್ದಂತೆಯೇ ಇಡಿ, ಬೇರೆ ಲಾರಿಯ ಅಂದಾಜು ಬೇಡ. ನಂತರ ಪಂಪ್ ಕಪ್ಲಿಂಗಿನ ಬೋಲ್ಟ್ ಮತ್ತು ಗುರುತು. ಬೋಲ್ಟ್ ಸಡಿಲಾಗಿ ಗುರುತು ಸರಿದಿದ್ದರೆ ಟೈಮಿಂಗ್ ಹೋಗಿದೆ. ಇಷ್ಟಾದ ಮೇಲೆ ಇಂಜೆಕ್ಟರುಗಳನ್ನು ಪಂಪ್ ಶಾಪಿನಲ್ಲಿ ಒತ್ತಿಸಿ ನೋಡಿ. ಮಂಜಿನಂತೆ ಸಿಡಿಯಬೇಕು, ಹನಿಯಬಾರದು. ಕೊನೆಗೆ ಕಂಪ್ರೆಶನ್. 22 ಬಾರ್ ಮೇಲಿದ್ದರೆ ನೆಮ್ಮದಿ, 18ಕ್ಕಿಂತ ಕೆಳಗಿದ್ದರೆ ರಿಂಗು, ಲೈನರು, ವಾಲ್ವಿನ ಕೆಲಸವೇ ಬೇಕು.

ಏರ್ ಕ್ಲೀನರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು, ಡೀಸೆಲ್ ಬಟ್ಟೆಗೆ ಬೆಂಕಿ ಹಚ್ಚಿ ಬಾಯಿಗೆ ಹಿಡಿಯುವುದು ಎರಡೂ ಬೇಡ. ಸ್ಪ್ರೇ ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿ ರಿಂಗ್ ಮುರಿಯುತ್ತದೆ. ಟ್ರ್ಯಾಕ್ಟರಿನಿಂದ ಎಳೆದು ಚಾಲೂ ಮಾಡುವುದು ನಿನ್ನೆ ಓಡಿದ, ಬ್ಯಾಟರಿ ಮಾತ್ರ ಇಳಿದ ಗಾಡಿಗೆ ಸರಿ. ಬ್ರೇಕಿಗೆ ಏರ್ ತುಂಬಿಲ್ಲದ ಗಾಡಿಯನ್ನು ಇಳಿಜಾರಿನಲ್ಲಿ ಎಂದೂ ಎಳೆಯಬೇಡಿ.

ಸೀಸನ್ ಮುಗಿದು ನಿಲ್ಲಿಸುವಾಗ

ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಇದ್ದಷ್ಟೂ ಒಳಗೋಡೆಗೆ ತೇವ ಕಟ್ಟಿ ನೀರು ಇಳಿಯುತ್ತದೆ. ಸೈಲೆನ್ಸರ್ ಬಾಯಿಗೆ ಡಬ್ಬಿ ಮಗುಚಿ ಹಾಕಿ, ಅದರ ಗುರುತಿಗೆ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಬ್ಯಾಟರಿ ಎರಡನ್ನೂ ಇಳಿಸಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಸ್ಟಾಪ್ ವಾಯರಿನ ಎರಡು ತುದಿಗೂ ನಾಲ್ಕು ಹನಿ ಆಯಿಲ್ ಬಿಟ್ಟು, ಗುಂಡಿಯನ್ನು ‘ರನ್’ನಲ್ಲಿಯೇ ಬಿಡಿ.